ಯಂತ್ರಕ್ಕೊಂದು ಕೆಲಸ, ಕೆಲಸಕ್ಕೊಂದು ಬಿಡುವು

ಮೀನುಗಾರಿಕೆಯ ದೋಣಿಯಲ್ಲಿರುವ ಫಿಶ್ ಫೈಂಡರ್ ಹೇಗೆ ಕೆಲಸ ಮಾಡುತ್ತದೆ ಗೊತ್ತೇ? ಅದು ನೀರಿನಾಳಕ್ಕೆ ಶಬ್ದದ ಅಲೆಗಳನ್ನು ಕಳಿಸುತ್ತದೆ. ಕಡಲ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ಮೀನಿನ ಹಿಂಡು ಎಷ್ಟು ಆಳದಲ್ಲಿದೆಯೆಂದು ತಿಳಿಯುತ್ತದೆ. ಮೀನುಗಾರನ ಪ್ರಶ್ನೆಗೆ ಯಂತ್ರದ ಉತ್ತರ, ಅಷ್ಟೆ.

ಇಷ್ಟು ಬಲವುಳ್ಳ ಯಂತ್ರಕ್ಕೆ ಬಿಡುವೂ ಬೇಕು. ಮಳೆಗಾಲ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ಆದ್ದರಿಂದ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಕುಂದಾಪುರದ ಪಕ್ಕದ ಗಂಗೊಳ್ಳಿಯಲ್ಲಿ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ದುಡಿಮೆ ನಿಂತರೂ ಮುಂದಿನ ಋತುವಿಗೆ ಮೀನು ಉಳಿಯಬೇಕಲ್ಲ!

ಮೊಬೈಲ್ ಫೋನಿನ ರೀತಿ ಇದಕ್ಕೆ ತದ್ವಿರುದ್ಧ. ನಾವು ಕೇಳದಿದ್ದರೂ ಅದು ಟಿಣ್ ಎಂದು ಕರೆಯುತ್ತದೆ. ಓದಿನ ನಡುವೆ ಕದಲಿದ ಗಮನ ಮತ್ತೆ ಕೂಡಲು ಸಮಯ ಬೇಕು. ಹಾಗೆಂದು ಫೋನನ್ನೇ ಬಿಡಬೇಕಿಲ್ಲ. ಬೈಂದೂರು, ಬ್ರಹ್ಮಾವರದ ಎಷ್ಟೋ ಮನೆಗಳಿಗೆ ಬೆಂಗಳೂರು, ಮುಂಬಯಿ, ಗಲ್ಫ್ ಸೇರಿದ ಮಕ್ಕಳ ದನಿ ತಲುಪುವುದು ಅದರಿಂದಲೇ. ಕರೆಯ ಗಂಟೆಯೊಂದನ್ನು ಬಿಟ್ಟು ಬೇರೆ ಸದ್ದುಗಳನ್ನು ನಿಲ್ಲಿಸಿ. ಕೈಗೆತ್ತಿಕೊಳ್ಳುವ ಮೊದಲು ಯಾವ ಕೆಲಸಕ್ಕೆಂದು ಕೇಳಿಕೊಳ್ಳಿ, ಮುಗಿದೊಡನೆ ಕೆಳಗಿಡಿ. ಓದುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರಲಿ. ಕಡಲಿಗೆ 61 ದಿನದ ಬಿಡುವು ಸಿಗುವಾಗ ನಿಮ್ಮ ಓದಿಗೆ ದಿನಕ್ಕೆ ಎರಡು ಗಂಟೆ ಸಿಗಬಾರದೇ?