ಬೇರೆ ಫೈಲು ತೆರೆಯುವ ಮ್ಯಾಕ್ರೋ ಎಡವುವುದೆಲ್ಲಿ?

ಎಕ್ಸೆಲ್‌ನಲ್ಲಿ ಪದೇ ಪದೇ ಮಾಡುವ ಕೆಲಸವನ್ನು ಆಜ್ಞೆಗಳ ಸಾಲಾಗಿ ಬರೆದಿಟ್ಟರೆ ಅದೇ ಮ್ಯಾಕ್ರೋ. ಬರೆಯುವ ಭಾಷೆ ವಿಬಿಎ. 1993ರಲ್ಲಿ ಬಂದ ಎಕ್ಸೆಲ್ 5ರಿಂದ ಇಂದಿನವರೆಗೂ ಇದೇ ಭಾಷೆ ನಡೆದುಕೊಂಡು ಬಂದಿದೆ. ಇಷ್ಟು ತಿಳಿದಿದ್ದರೆ ಈ ಅಧ್ಯಾಯಕ್ಕೆ ಸಾಕು. ಇಲ್ಲಿ ನಮ್ಮ ವಿಷಯ ಒಂದೇ ಬಗೆಯ ಮ್ಯಾಕ್ರೋ: ಬೇರೆ ಫೈಲನ್ನು ತೆರೆದು, ಬೇಕಾದ್ದನ್ನು ತೆಗೆದುಕೊಂಡು, ಮುಚ್ಚುವಂಥದ್ದು. ತಾಲ್ಲೂಕುಗಳಿಂದ ತಿಂಗಳ ತಃಖ್ತೆ ಬರುತ್ತದೆ, ಜಿಲ್ಲಾ ಕಚೇರಿಯಲ್ಲಿ ಅವನ್ನೆಲ್ಲ ಒಂದು ಕ್ರೋಡೀಕೃತ ತಃಖ್ತೆಯಾಗಿ ಮಾಡಬೇಕು ಎಂದುಕೊಳ್ಳೋಣ. ಇಂಥ ಮ್ಯಾಕ್ರೋ ಕೆಟ್ಟಾಗ ಬಹುತೇಕರು ‘ಫೈಲು ಸರಿಯಾಗಿ ತೆರೆದುಕೊಂಡಿಲ್ಲ’ ಎಂದು ಅಲ್ಲೇ ಹುಡುಕುತ್ತಾರೆ. ಆದರೆ ತೆರೆಯುವ ಆಜ್ಞೆ ಸೋತರೆ ಎಕ್ಸೆಲ್ ಸುಮ್ಮನಿರುವುದಿಲ್ಲ. 1004 ಎಂಬ ದೋಷಸಂಖ್ಯೆ ತೋರಿಸಿ ಅಲ್ಲಿಯೇ ನಿಲ್ಲುತ್ತದೆ. ಫೋಲ್ಡರ್ ದಾರಿ ತಪ್ಪಿರಬಹುದು, ಅದೇ ಹೆಸರಿನ ಇನ್ನೊಂದು ಫೈಲು ಆಗಲೇ ತೆರೆದಿರಬಹುದು (ಬೇರೆ ಫೋಲ್ಡರಿನದಾದರೂ ಒಂದೇ ಹೆಸರಿನ ಎರಡು ಫೈಲುಗಳನ್ನು ಎಕ್ಸೆಲ್ ಒಟ್ಟಿಗೆ ತೆರೆಯುವುದಿಲ್ಲ). ಇವು ಕಣ್ಣಿಗೆ ಕಾಣುವ ತಪ್ಪುಗಳು. ನಿಜವಾದ ತೊಂದರೆ ಇರುವುದು ಫೈಲು ಸರಿಯಾಗಿ ತೆರೆದುಕೊಂಡ ಮೇಲೆ, ಮ್ಯಾಕ್ರೋ ಯಾರ ಕೋಶದ ಬಗ್ಗೆ ಮಾತಾಡುತ್ತಿದೆ ಎಂಬುದರಲ್ಲಿ.

‘ರೇಂಜ್("ಬಿ5")’ ಎಂದಷ್ಟೇ ಬರೆದರೆ ಅದು ಯಾವ ಫೈಲಿನ, ಯಾವ ಹಾಳೆಯ ಬಿ5? ಬರೆದವರ ಮನಸ್ಸಿನಲ್ಲಿ ಉತ್ತರ ಸ್ಪಷ್ಟವಾಗಿರುತ್ತದೆ, ಸಾಲಿನಲ್ಲಿ ಇರುವುದಿಲ್ಲ. ಸಾಮಾನ್ಯ ಮಾಡ್ಯೂಲಿನಲ್ಲಿ ಇಂಥ ಸಾಲು ಬಂದರೆ ಆ ಕ್ಷಣದಲ್ಲಿ ಸಕ್ರಿಯವಾಗಿರುವ ಫೈಲಿನ ಸಕ್ರಿಯ ಹಾಳೆ ಎಂದೇ ಎಕ್ಸೆಲ್ ಅರ್ಥಮಾಡಿಕೊಳ್ಳುತ್ತದೆ. ‘ಎದುರು ಮನೆಗೆ ಕೊಡಿ’ ಎಂದು ವಿಳಾಸ ಬರೆದ ಹಾಗೆ ಇದು. ಅಂಚೆಯವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಮನೆ ಬದಲಾಗುತ್ತದೆ. ‘ವರ್ಕ್‌ಬುಕ್ಸ್.ಓಪನ್’ ನಡೆದ ಕೂಡಲೇ ಹೊಸದಾಗಿ ತೆರೆದ ಫೈಲೇ ಸಕ್ರಿಯವಾಗುತ್ತದೆ. ಈಗ ಒಂದೊಂದೇ ಸಾಲು ನೋಡಿ. ಮೊದಲ ಸಾಲು ಹುಣಸೂರಿನ ಫೈಲನ್ನು ತೆರೆಯುತ್ತದೆ. ಎರಡನೆಯದು ಡಿ20ರಲ್ಲಿರುವ ಒಟ್ಟು ಮೊತ್ತವನ್ನು ಒಂದು ಚರಕ್ಕೆ ತುಂಬಿಕೊಳ್ಳುತ್ತದೆ. ಸಕ್ರಿಯವಾಗಿರುವುದು ಹುಣಸೂರೇ ಆದ್ದರಿಂದ ಮೊತ್ತ ಸರಿಯಾಗಿ ಸಿಗುತ್ತದೆ. ಮೂರನೆಯದು ‘ಆಕ್ಟಿವ್‌ವರ್ಕ್‌ಬುಕ್’ ಎಂದು ಹೇಳಿ ಅದನ್ನು ಮುಚ್ಚುತ್ತದೆ. ನಾಲ್ಕನೆಯದು ಮೊತ್ತವನ್ನು ಬಿ5ಕ್ಕೆ ಬರೆಯುತ್ತದೆ. ತೆರೆದಿರುವುದು ಎರಡೇ ಫೈಲಾದರೆ, ಒಂದು ಮುಚ್ಚಿದ ಮೇಲೆ ಉಳಿಯುವುದು ಕ್ರೋಡೀಕೃತ ತಃಖ್ತೆಯೇ, ಎಲ್ಲ ಸುಸೂತ್ರ. ಆದರೆ ಯಾರೋ ಪಕ್ಕದಲ್ಲಿ ಸಂಬಳದ ಪಟ್ಟಿಯನ್ನು ತೆರೆದಿಟ್ಟಿದ್ದರೆ ಹುಣಸೂರು ಮುಚ್ಚಿದ ಮೇಲೆ ಮುಂದೆ ಬರುವುದು ಅದೂ ಆಗಬಹುದು, ಮೊತ್ತ ಹೋಗಿ ಅದರ ಬಿ5ರಲ್ಲಿ ಕೂರಬಹುದು. ಮೂರನೆಯ ಮತ್ತು ನಾಲ್ಕನೆಯ ಸಾಲು ಅದಲುಬದಲಾದರೆ ಮೊತ್ತ ಹುಣಸೂರಿನ ಫೈಲಿನೊಳಗೇ ಬೀಳುತ್ತದೆ. ಉಳಿಸದೆ ಮುಚ್ಚಿದರೆ ಅದು ಮಾಯ, ಉಳಿಸಿ ಮುಚ್ಚಿದರೆ ತಾಲ್ಲೂಕಿನ ಮೂಲ ತಃಖ್ತೆಯೇ ಕೆಟ್ಟಿತು. ಈ ಯಾವ ಸಂದರ್ಭದಲ್ಲೂ ದೋಷಸಂದೇಶ ಬರುವುದಿಲ್ಲ, ಏಕೆಂದರೆ ಎಕ್ಸೆಲ್ ಹೇಳಿದ್ದನ್ನು ಹೇಳಿದಂತೆಯೇ ಮಾಡಿದೆ. ‘ಬೆಳಿಗ್ಗೆ ಸರಿಯಿತ್ತು, ಮಧ್ಯಾಹ್ನ ಕೆಟ್ಟಿತು’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ. ಇದಕ್ಕೆ ಇನ್ನೊಂದು ಮಡಿಕೆಯೂ ಇದೆ: ಇದೇ ಸಾಲನ್ನು ಒಂದು ಹಾಳೆಗೆ ಸೇರಿದ ಕೋಡ್ ಕಿಟಕಿಯಲ್ಲಿ ಬರೆದರೆ ಅದು ಸಕ್ರಿಯ ಹಾಳೆಯನ್ನು ಬಿಟ್ಟು ಆ ಹಾಳೆಯನ್ನೇ ಸೂಚಿಸುತ್ತದೆ. ಅಲ್ಲಿಂದ ಎತ್ತಿ ಮಾಡ್ಯೂಲಿಗೆ ಹಾಕಿದ ಕೋಡು ಒಂದಕ್ಷರವೂ ಬದಲಾಗದೆ ಬೇರೆ ಕೆಲಸ ಮಾಡುವುದು ಈ ಕಾರಣಕ್ಕೆ.

‘ಹಾಗಾದರೆ ಪ್ರತಿ ಸಾಲಿಗೆ ಮುಂಚೆ ಆಕ್ಟಿವೇಟ್ ಎಂದು ಬರೆದರಾಯಿತಲ್ಲ, ಮ್ಯಾಕ್ರೋ ರೆಕಾರ್ಡರ್ ಮಾಡುವುದೂ ಅದನ್ನೇ’ ಎಂಬ ವಾದ ಸಹಜ. ರೆಕಾರ್ಡರ್ ದಾಖಲಿಸುವುದು ನಮ್ಮ ಕೈ ಮಾಡಿದ್ದನ್ನು. ಕೈ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲೇಬೇಕು, ಕೋಡು ಹೋಗಬೇಕಾಗಿಲ್ಲ. ತೆರೆದ ಫೈಲಿನೊಳಗೆ ತಾನಾಗಿಯೇ ಓಡುವ ಮ್ಯಾಕ್ರೋ ಒಂದಿದ್ದು ಅದು ಬೇರೆ ಹಾಳೆಯನ್ನು ಮುಂದೆ ತಂದರೆ ನಮ್ಮ ಲೆಕ್ಕ ತಪ್ಪುತ್ತದೆ. ದೋಷ ಹುಡುಕಲೆಂದು ಎಫ್8 ಒತ್ತುತ್ತಾ ಸಾಲು ಸಾಲಾಗಿ ನಡೆಸುವಾಗ, ನಡುವೆ ಒಂದು ಫೈಲಿನ ಮೇಲೆ ಕ್ಲಿಕ್ ಮಾಡಿ ಇಣುಕಿದರೂ ಸಾಕು, ಸಕ್ರಿಯ ಫೈಲು ಬದಲಾಗಿ ಪರೀಕ್ಷೆಯೇ ಸುಳ್ಳಾಗುತ್ತದೆ. ಹುಡುಕುವಾಗ ಮರೆಯಾಗಿ ಓಡಿಸುವಾಗ ಕಾಣಿಸಿಕೊಳ್ಳುವ ತಪ್ಪುಗಳಲ್ಲಿ ಹಲವು ಈ ಜಾತಿಯವು. ಉತ್ತರ ಸರಳವಾಗಿದೆ, ಮತ್ತು ನನಗೆ ವಿಬಿಎಯಲ್ಲಿ ಬಹಳ ಇಷ್ಟವಾದ ಸಂಗತಿ ಅದು: ‘ವರ್ಕ್‌ಬುಕ್ಸ್.ಓಪನ್’ ಫೈಲನ್ನು ತೆರೆಯುವುದಷ್ಟೇ ಅಲ್ಲ, ತೆರೆದ ಫೈಲನ್ನು ನಮ್ಮ ಕೈಗೆ ಕೊಡುತ್ತದೆ. ‘ಸೆಟ್ ಮೂಲ = ವರ್ಕ್‌ಬುಕ್ಸ್.ಓಪನ್(ದಾರಿ)’ ಎಂಬ ಮಾದರಿಯಲ್ಲಿ ಅದನ್ನು ಒಂದು ಚರದಲ್ಲಿ ಹಿಡಿದುಕೊಂಡರೆ, ಮುಂದೆ ಯಾವ ಕಿಟಕಿ ಮುಂದೆ ಬಂದರೂ ‘ಮೂಲ’ ಎಂದರೆ ಹುಣಸೂರಿನ ಫೈಲೇ. ಬರೆಯಬೇಕಾದ ಕಡೆಗೆ ‘ದಿಸ್‌ವರ್ಕ್‌ಬುಕ್’ ಇದೆ. ಮ್ಯಾಕ್ರೋ ಯಾವ ಫೈಲಿನಲ್ಲಿ ವಾಸವಾಗಿದೆಯೋ ಅದು. (ಮ್ಯಾಕ್ರೋವನ್ನು ಪರ್ಸನಲ್ ಫೈಲಿನಲ್ಲಿ ಇಟ್ಟುಕೊಂಡವರಿಗೆ ಮಾತ್ರ ಎಚ್ಚರಿಕೆ: ಅವರಿಗೆ ‘ದಿಸ್‌ವರ್ಕ್‌ಬುಕ್’ ಎಂದರೆ ಆ ಅಡಗಿದ ಫೈಲು.) ಆಮೇಲೆ ಪ್ರತಿ ‘ರೇಂಜ್’ಗೂ ಪ್ರತಿ ‘ಸೆಲ್ಸ್’ಗೂ ಮುಂದೆ ಒಡೆಯನ ಹೆಸರು ಬರಬೇಕು. ‘ಮೂಲ.ವರ್ಕ್‌ಶೀಟ್ಸ್(1).ರೇಂಜ್(ಸೆಲ್ಸ್(1,1), ಸೆಲ್ಸ್(20,4))’ ಎಂಬ ಸಾಲು ಪೂರ್ಣವಾಗಿ ಕಂಡರೂ ಆವರಣದೊಳಗಿನ ಎರಡು ‘ಸೆಲ್ಸ್’ ಅನಾಥ. ಬೇರೆ ಹಾಳೆ ಸಕ್ರಿಯವಾಗಿದ್ದರೆ 1004 ಬರುವುದು ಅಲ್ಲಿಂದಲೇ.

ಹೀಗೆ ಹಿಡಿದುಕೊಳ್ಳುವ ಅಭ್ಯಾಸದಿಂದ ಇನ್ನೊಂದು ಕುಖ್ಯಾತ ದೋಷವೂ ದೂರವಾಗುತ್ತದೆ. 9ನೇ ದೋಷ ಎಂದರೆ ಕೇಳಿದ ಹೆಸರಿನದು ಪಟ್ಟಿಯಲ್ಲಿ ಇಲ್ಲ ಎಂದು. ‘ವರ್ಕ್‌ಬುಕ್ಸ್’ ಪಟ್ಟಿಗೆ ಬೇಕಾದ್ದು ಫೈಲಿನ ಹೆಸರು; ಅಲ್ಲಿಗೆ ಪೂರ್ತಿ ದಾರಿ ಕೊಟ್ಟರೆ ಈ ದೋಷ ಬರುತ್ತದೆ. ಬಾಲದ ವಿಸ್ತರಣೆ ಬಿಟ್ಟು ಹೆಸರಷ್ಟೇ ಕೊಟ್ಟರೆ ಇನ್ನೂ ವಿಚಿತ್ರ: ವಿಂಡೋಸ್‌ನಲ್ಲಿ ವಿಸ್ತರಣೆಗಳನ್ನು ಮರೆಮಾಡಿದ ಯಂತ್ರದಲ್ಲಿ ಅದು ನಡೆಯುತ್ತದೆ, ತೋರಿಸುವ ಯಂತ್ರದಲ್ಲಿ ನಡೆಯುವುದಿಲ್ಲ. ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು ಚರವನ್ನು ಬಳಸಿದರೆ ಎರಡೂ ಪ್ರಶ್ನೆ ಏಳುವುದಿಲ್ಲ.

ಮುಚ್ಚುವಾಗಲೂ ಬಾಯಿಬಿಟ್ಟು ಹೇಳುವುದೇ ಕ್ಷೇಮ. ಏನನ್ನೂ ಬದಲಿಸದಿದ್ದರೂ ‘ಉಳಿಸಬೇಕೆ?’ ಎಂದು ಎಕ್ಸೆಲ್ ಕೇಳುತ್ತದೆ, ಏಕೆಂದರೆ ‘ಟುಡೇ’, ‘ಆಫ್‌ಸೆಟ್’, ‘ಇನ್‌ಡೈರೆಕ್ಟ್’ನಂಥ ಸೂತ್ರಗಳು ಫೈಲು ತೆರೆದಾಗ ಮರುಲೆಕ್ಕವಾಗುತ್ತವೆ. ಈ ಪ್ರಶ್ನೆಯನ್ನು ಅಡಗಿಸಲು ‘ಡಿಸ್‌ಪ್ಲೇಅಲರ್ಟ್ಸ್’ ಆರಿಸುವವರಿದ್ದಾರೆ. ಆಗ ಫೈಲು ಉಳಿಸದೆ ಮುಚ್ಚುತ್ತದೆ, ನಿಜವಾಗಿ ಉಳಿಸಬೇಕಾದಾಗಲೂ. ‘ಕ್ಲೋಸ್’ ಜೊತೆಗೇ ‘ಸೇವ್‌ಚೇಂಜಸ್’ಗೆ ಹೌದು ಅಥವಾ ಅಲ್ಲ ಎಂದು ಬರೆದರೆ ಪ್ರಶ್ನೆಯೂ ಇಲ್ಲ, ಊಹೆಯೂ ಇಲ್ಲ. ಇದಕ್ಕಿಂತ ಅಪಾಯಕಾರಿ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’. ಅದನ್ನು ಇಡೀ ಸುತ್ತಿಗೆ ಹಾಕಿದಾಗ ಏನಾಗುತ್ತದೆ ಎಂದು ನೋಡಿ. ಹುಣಸೂರು ಮುಗಿದು ನಂಜನಗೂಡಿನ ಸರದಿ ಬಂತು, ಆ ಫೈಲು ಫೋಲ್ಡರಿನಲ್ಲಿಲ್ಲ. ತೆರೆಯುವ ಸಾಲು ಸೋತಿತು, ದೋಷ ನುಂಗಿಹೋಯಿತು. ಮೊತ್ತ ಓದುವ ಸಾಲೂ ಸೋತಿತು, ಹಾಗಾಗಿ ಚರದಲ್ಲಿ ಉಳಿದದ್ದು ಹಿಂದಿನ ಮೊತ್ತ. ಬರೆಯುವ ಸಾಲು ಮಾತ್ರ ಗೆದ್ದಿತು. ನಂಜನಗೂಡಿನ ಸಾಲಿನಲ್ಲಿ ಹುಣಸೂರಿನ ಅಂಕಿ ಕೂತಿತು. ಖಾಲಿ ಕೋಶವಾದರೆ ಯಾರಾದರೂ ಗಮನಿಸುತ್ತಾರೆ, ನಂಬುವಂತಿರುವ ಅಂಕಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಸರ್ಕಾರಿ ತಃಖ್ತೆಯಲ್ಲಿ ಇಂಥ ಅಂಕಿ ಎಷ್ಟು ದೂರ ಹೋಗಬಹುದು ಎಂದು ಯೋಚಿಸಿದರೆ, ದೋಷಸಂದೇಶ ಕಂಡು ಕಿರಿಕಿರಿಪಡುವ ಬದಲು ಅದನ್ನು ಸ್ವಾಗತಿಸಬೇಕು ಅನಿಸುತ್ತದೆ.

ಒಡೆಯನ ಹೆಸರಿಗೆ ಸಂಬಂಧವೇ ಇಲ್ಲದ ದೋಷಗಳಿಲ್ಲವೇ? ಇವೆ. ಮ್ಯಾಕ್ರೋಗೆ ಕಂಟ್ರೋಲ್, ಶಿಫ್ಟ್ ಮತ್ತು ಒಂದಕ್ಷರ ಸೇರಿದ ಶಾರ್ಟ್‌ಕಟ್ ಕೊಟ್ಟಿದ್ದರೆ, ಫೈಲು ತೆರೆದ ಕೂಡಲೇ ಮ್ಯಾಕ್ರೋ ಸದ್ದಿಲ್ಲದೆ ನಿಂತುಹೋಗುತ್ತದೆ. ಸಂದೇಶವಿಲ್ಲ, ಮುಂದಿನ ಸಾಲೂ ಇಲ್ಲ. ಶಿಫ್ಟ್ ಒತ್ತಿಕೊಂಡು ಫೈಲು ತೆರೆದರೆ ತಾನಾಗಿ ಓಡುವ ಮ್ಯಾಕ್ರೋಗಳನ್ನು ತಡೆ ಎಂದರ್ಥ. ನಮ್ಮ ಬೆರಳು ಇನ್ನೂ ಶಿಫ್ಟ್ ಮೇಲೆಯೇ ಇರುವುದರಿಂದ ಎಕ್ಸೆಲ್ ಓಡುತ್ತಿರುವ ಮ್ಯಾಕ್ರೋವನ್ನೇ ನಿಲ್ಲಿಸಿಬಿಡುತ್ತದೆ. ಶಾರ್ಟ್‌ಕಟ್‌ನಿಂದ ಶಿಫ್ಟ್ ತೆಗೆದರೆ, ಇಲ್ಲವೇ ಬಟನ್‌ನಿಂದ ಓಡಿಸಿದರೆ ಸರಿಹೋಗುತ್ತದೆ.

ಕೊನೆಯದು ಕನ್ನಡಿಗರಿಗೇ ಮೀಸಲಾದಂಥ ತೊಡಕು, ಇದನ್ನು ನಮ್ಮವರು ಹೆಚ್ಚು ಅಭ್ಯಾಸ ಮಾಡಬೇಕು. ಫೈಲಿಗೆ ‘ಹುಣಸೂರು’ ಎಂದು ಕನ್ನಡದಲ್ಲೇ ಹೆಸರಿಟ್ಟರೆ ವಿಂಡೋಸ್‌ಗೆ ಏನೂ ತೊಂದರೆಯಿಲ್ಲ, ಎಕ್ಸೆಲ್‌ಗೂ ಇಲ್ಲ. ಆದರೆ ಫೋಲ್ಡರಿನಲ್ಲಿರುವ ಫೈಲುಗಳನ್ನು ಎಣಿಸಲು ಬಳಸುವ ‘ಡಿರ್’ ಯೂನಿಕೋಡ್‌ಗಿಂತ ಹಳೆಯ ಕಾಲದ ಅಕ್ಷರಪಟ್ಟಿಯನ್ನು ನೆಚ್ಚಿಕೊಂಡಿದೆ. ಸಾಮಾನ್ಯ ಹೊಂದಿಕೆಯಲ್ಲಿ ಕನ್ನಡಕ್ಕೆ ಅಲ್ಲಿ ಜಾಗವಿಲ್ಲದೆ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ವಿಂಡೋಸ್ ಫೈಲ್ ಹೆಸರಿನಲ್ಲಿ ಆ ಚಿಹ್ನೆಗೆ ಅವಕಾಶವೇ ಇಲ್ಲವಾದ್ದರಿಂದ ಅಂಥ ಫೈಲು ಇರಲು ಸಾಧ್ಯವೂ ಇಲ್ಲ. ‘ಕನ್ನಡದಲ್ಲಿ ಹೆಸರಿಡಬೇಡಿ’ ಎಂಬ ಸಲಹೆ ಸುಲಭ, ಆದರೆ ಬೇಕಿಲ್ಲ. ವಿಬಿಎ ತನ್ನೊಳಗೆ ಪದಗಳನ್ನು ಯೂನಿಕೋಡ್‌ನಲ್ಲೇ ಇಟ್ಟುಕೊಳ್ಳುತ್ತದೆ. ‘ಡಿರ್’ ಬದಲು ‘ಫೈಲ್‌ಸಿಸ್ಟಮ್‌ಆಬ್ಜೆಕ್ಟ್’ನಿಂದ ಹೆಸರು ಪಡೆದರೆ, ಅಥವಾ ಹಾಳೆಯ ಕೋಶದಿಂದ ಓದಿಕೊಂಡರೆ ‘ವರ್ಕ್‌ಬುಕ್ಸ್.ಓಪನ್’ ಅದನ್ನು ಸರಿಯಾಗಿ ತೆರೆಯುತ್ತದೆ. ಪರೀಕ್ಷಿಸುವಾಗ ‘ಮೆಸೇಜ್‌ಬಾಕ್ಸ್’ ನಂಬಬೇಡಿ. ಹೆಸರು ಸರಿಯಿದ್ದರೂ ಅದು ಪ್ರಶ್ನಾರ್ಥಕಗಳನ್ನೇ ತೋರಿಸುತ್ತದೆ. ಹೆಸರನ್ನು ಒಂದು ಕೋಶಕ್ಕೆ ಬರೆದು ನೋಡಿ, ಅಥವಾ ‘ಆಸ್ಕ್‌ಡಬ್ಲ್ಯೂ’ ಕೊಟ್ಟು ಮೊದಲಕ್ಷರದ ಸಂಖ್ಯೆ ಕೇಳಿ. 3257 ಬಂದರೆ ಅದು ‘ಹ’, ಹೆಸರು ಸುರಕ್ಷಿತವಾಗಿದೆ. 63 ಬಂದರೆ ಅದು ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆ; ಕನ್ನಡ ಅಕ್ಷರ ಕಳೆದುಹೋದದ್ದು ಅದಕ್ಕಿಂತ ಹಿಂದಿನ ಯಾವುದೋ ಸಾಲಿನಲ್ಲಿ.