ತಾರೀಖು ಕದಲದ ಕೆಲಸ

ಹಿಂಜವಾಡಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನಿಂದ ಪುಣೆಯ ಶಿವಾಜಿನಗರಕ್ಕೆ ಹೋಗುವ ಸುಮಾರು 23 ಕಿಲೋಮೀಟರ್ ಮೆಟ್ರೊ ಮಾರ್ಗಕ್ಕೆ ಶಂಕುಸ್ಥಾಪನೆ ಆದದ್ದು 2018ರ ಡಿಸೆಂಬರ್ 18ರಂದು. ಮುಗಿಸುವ ಗಡುವು ಆಮೇಲೆ ಹಲವು ಸಲ ಮುಂದೆ ಹೋಯಿತು. ಕಂಬಗಳ ಬುಡದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡವರು ಬೈದುಕೊಂಡದ್ದೂ ಉಂಟು. ಆದರೂ ತಡವಾಗಿ ಬಂದ ಮೆಟ್ರೊ ಮೆಟ್ರೊವೇ. ಓಡಲು ಶುರುವಾದ ದಿನದಿಂದ ಜನರಿಗೆ ಉಪಯೋಗ. ಅದೇ ಪಾರ್ಕಿನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ನವೆಂಬರಿನಲ್ಲಿ ಮಾಡುವ ರಾಜ್ಯೋತ್ಸವಕ್ಕೆ ಈ ಸವಲತ್ತಿಲ್ಲ. ಜನವರಿಗೆ ತಳ್ಳಿದ ರಾಜ್ಯೋತ್ಸವಕ್ಕೆ ಯಾರೂ ಬರುವುದಿಲ್ಲ.

ಯಾವುದೇ ಯೋಜನೆಯನ್ನು ಮೂರು ಹಗ್ಗಗಳು ಹಿಡಿದಿರುತ್ತವೆ ಎಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಪಠ್ಯಗಳು ಹೇಳುತ್ತವೆ: ಸಮಯ, ಹಣ, ಕೆಲಸದ ಗಾತ್ರ. ಒಂದನ್ನು ಬಿಗಿದರೆ ಉಳಿದ ಎರಡರಲ್ಲಿ ಒಂದಾದರೂ ಸಡಿಲವಾಗಬೇಕು. ಸಮಾರಂಭಗಳಲ್ಲಿ ಸಮಯ ಮೊದಲ ದಿನವೇ ಬಿಗಿದಾಗಿರುತ್ತದೆ. ಕೆನಡಾದ ಮಾಂಟ್ರಿಯಲ್ ಒಲಿಂಪಿಕ್ಸ್ 1976ರ ಜುಲೈ 17ಕ್ಕೆ ಶುರುವಾಗಲೇಬೇಕಿತ್ತು, ಶುರುವೂ ಆಯಿತು; ಕ್ರೀಡಾಂಗಣದ ಗೋಪುರ ಮಾತ್ರ ಅರ್ಧಕ್ಕೆ ನಿಂತಿತ್ತು. ಗೋಪುರ, ಚಾವಣಿ ಮುಗಿಯಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಅಲ್ಲಿ ತಾರೀಖು ಗೆದ್ದಿತು, ಹಣವೂ ಗಾತ್ರವೂ ಸೋತವು.

ಹಿಂಜವಾಡಿಯಲ್ಲಿ ಸಮಾರಂಭದ ತಯಾರಿಗೆ ಇಳಿಯುವವರು ಬಹುತೇಕ ಸಾಫ್ಟ್‌ವೇರ್‌ನವರು. ಹೀಗಾಗಿ ಹಗಲಿಡೀ ಆಫೀಸಿನಲ್ಲಿ ಬಳಸುವ ಪದ್ಧತಿಯೇ ಸಂಜೆಯ ಮೀಟಿಂಗಿಗೂ ಬಂದು ಕೂರುತ್ತದೆ. ‘ಎರಡೆರಡು ವಾರದ ಸ್ಪ್ರಿಂಟ್ ಮಾಡೋಣ, ದಿನಾ ಹತ್ತು ನಿಮಿಷ ಸ್ಟ್ಯಾಂಡಪ್ ಮೀಟಿಂಗ್ ಇಡೋಣ’ ಎಂದು ಒಬ್ಬರು. ‘ಎಕ್ಸೆಲ್ ಶೀಟಿನಲ್ಲಿ ಗ್ಯಾಂಟ್ ಚಾರ್ಟ್ ಹಾಕಿ, ಸಹಿ ಮಾಡಿಸಿ, ಆಮೇಲೆ ಮುಟ್ಟೋದು ಬೇಡ’ ಎಂದು ಇನ್ನೊಬ್ಬರು. ಜಗಳ ಹಳೆಯದು, ಸಮಾರಂಭಕ್ಕೆ ಸಂಬಂಧಿಸಿದ್ದೂ ಅಲ್ಲ.

ಒಂದು ಹಂತ ಪೂರ್ತಿ ಮುಗಿಸಿ ಮುಂದಿನದಕ್ಕೆ ಇಳಿಯುವ ವಾಟರ್‌ಫಾಲ್ ಪದ್ಧತಿಯ ಮೂಲವೆಂದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು ತೋರಿಸುವುದು ವಾಡಿಕೆ. ತಮಾಷೆಯೆಂದರೆ, ಆ ಚಿತ್ರ ಬಿಡಿಸಿದ ರಾಯ್ಸ್ ಅವರೇ ಇದನ್ನು ಇದ್ದ ಹಾಗೆ ಅನುಸರಿಸಿದರೆ ಅಪಾಯ ಎಂದೂ ಅಲ್ಲೇ ಬರೆದಿದ್ದರು. ಚಿತ್ರ ಉಳಿಯಿತು, ಎಚ್ಚರಿಕೆ ಮರೆತುಹೋಯಿತು. ಅದರಿಂದ ಬೇಸತ್ತ ಹದಿನೇಳು ಮಂದಿ ತಂತ್ರಜ್ಞರು 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿ ಅಜೈಲ್ ಪ್ರಣಾಳಿಕೆ ಹೊರಡಿಸಿದರು. ಸ್ವಲ್ಪ ಮಾಡಿ ಬಳಕೆದಾರನ ಕೈಗೆ ಕೊಡಿ, ಅವನು ಹೇಳಿದ್ದನ್ನು ಕೇಳಿ ತಿದ್ದಿ, ಮತ್ತೆ ಕೊಡಿ ಎಂಬುದು ಅದರ ಜೀವಾಳ. ಸ್ಪ್ರಿಂಟ್ ಎಂದರೆ ಹೀಗೆ ಮಾಡಿ ತೋರಿಸುವ ಒಂದೊಂದು ಸುತ್ತು.

ಸಮಾರಂಭದಲ್ಲಿ ಎಡವುವುದು ಇಲ್ಲೇ. ಪ್ರೇಕ್ಷಕರಿಗೆ ಅಕ್ಟೋಬರಿನಲ್ಲಿ ಕಾಲು ಭಾಗ ರಾಜ್ಯೋತ್ಸವ ತೋರಿಸಿ ಅಭಿಪ್ರಾಯ ಕೇಳಲಾಗದು. ಹಾಗೆಂದು ಎಲ್ಲವನ್ನೂ ಮೊದಲೇ ಗೆರೆ ಕೊರೆದು ಇಡಲೂ ಆಗದು. ನಾಟಕದ ನಾಯಕನನ್ನು ಕಂಪನಿ ಹಠಾತ್ತನೆ ಆನ್‌ಸೈಟ್ ಕಳಿಸುತ್ತದೆ, ಕೋಲಾಟದ ತಂಡದ ಇಬ್ಬರಿಗೆ ನೈಟ್ ಶಿಫ್ಟ್ ಬೀಳುತ್ತದೆ. ಆದ್ದರಿಂದ ಇಡೀ ಸಮಾರಂಭಕ್ಕೆ ಯಾವ ಪದ್ಧತಿ ಎಂದು ಕೇಳಿಕೊಂಡು ಫಲವಿಲ್ಲ. ಒಂದೊಂದೇ ಕೆಲಸವನ್ನು ಎತ್ತಿಕೊಂಡು, ಇದನ್ನು ಒಮ್ಮೆ ಒಪ್ಪಿಕೊಂಡ ಮೇಲೆ ಹಿಂದೆಗೆಯಲು ಆಗುತ್ತದೆಯೇ ಎಂದು ಕೇಳಬೇಕು.

ನವೆಂಬರ್ 29ರ ಭಾನುವಾರ ನಾನೂರು ಜನರಿಗೆ ಕಾರ್ಯಕ್ರಮ ಎಂದಿಟ್ಟುಕೊಳ್ಳೋಣ. ಸಭಾಂಗಣ, ಪೊಲೀಸ್ ಪರವಾನಗಿ, ಮುಖ್ಯ ಅತಿಥಿ ಮತ್ತು ಅಡುಗೆಯವರ ಅಡ್ವಾನ್ಸ್ ಹಿಂದೆಗೆಯಲಾಗದ ಸಾಲಿಗೆ ಸೇರುತ್ತವೆ. ಇವಕ್ಕೆ ಸ್ಪ್ರಿಂಟ್ ನಡೆಯದು, ಕ್ಯಾಲೆಂಡರನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ನವೆಂಬರ್ 1 ಮಹಾರಾಷ್ಟ್ರದಲ್ಲಿ ರಜೆಯಲ್ಲ, ಹಾಗಾಗಿ ತಿಂಗಳ ಯಾವುದಾದರೂ ಭಾನುವಾರವೇ ಗತಿ. 2024ರಲ್ಲಂತೂ ನವೆಂಬರ್ 1ಕ್ಕೇ ಲಕ್ಷ್ಮೀಪೂಜೆ ಬಿತ್ತು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯವರೆಲ್ಲ ಬಸ್ಸು ಹಿಡಿದು ಊರಿಗೆ ಹೋಗುವ ವಾರ ಅದು. ಜಾಗ ಎಲ್ಲಿ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಪುಣೆ ಕನ್ನಡ ಸಂಘದ ಶಾಲೆಯಿರುವ ಎರಂಡವಣೆಯ ಗಣೇಶನಗರ ಹಿಂಜವಾಡಿಯಿಂದ ಕಿಲೋಮೀಟರಿನ ಲೆಕ್ಕದಲ್ಲಿ ಹತ್ತಿರ, ಗಂಟೆಯ ಲೆಕ್ಕದಲ್ಲಿ ದೂರ. ಬಯಲಿನಲ್ಲಿ ಶಾಮಿಯಾನ ಹಾಕಿದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತಕ್ಕೆ ಮೈಕ್ ಬಂದ್.

ಕೆಲಸಗಳನ್ನು ಸರಪಳಿಯಾಗಿ ಜೋಡಿಸಿ, ಯಾವ ಸರಪಳಿ ಅತಿ ಉದ್ದ ಎಂದು ಹುಡುಕುವ ‘ಕ್ರಿಟಿಕಲ್ ಪಾತ್’ ಲೆಕ್ಕಾಚಾರ ಅಮೆರಿಕದ ಡುಪಾಂಟ್ ರಾಸಾಯನಿಕ ಕಂಪನಿಯಲ್ಲಿ 1957ರ ಸುಮಾರಿಗೆ ರೂಪುಗೊಂಡಿತು. ಅದೇ ಕಾಲಕ್ಕೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ‘ಪರ್ಟ್’ ಎಂಬ ಇನ್ನೊಂದನ್ನು ಕಟ್ಟಿತು. ಕ್ಷಿಪಣಿಯ ಲೆಕ್ಕ ರಾಜ್ಯೋತ್ಸವಕ್ಕೂ ನಡೆಯುತ್ತದೆ. ಅತಿಥಿ ಒಪ್ಪಲು ಎಷ್ಟು ದಿನ ಬೇಕು? ಅದೃಷ್ಟವಿದ್ದರೆ 5, ಸಾಮಾನ್ಯವಾಗಿ 14, ಸತಾಯಿಸಿದರೆ 35. ಪರ್ಟ್ ಸೂತ್ರದಂತೆ ಸಾಮಾನ್ಯದ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 16 ದಿನ. ಆಹ್ವಾನ ಪತ್ರಿಕೆಯ ಒಕ್ಕಣೆಗೆ 4, ಮುದ್ರಣಕ್ಕೆ 6, ಹಂಚಲು 10 ಸೇರಿಸಿದರೆ 36 ದಿನ. ಅಡುಗೆಯ ಸರಪಳಿ ಇಷ್ಟು ಉದ್ದವಿಲ್ಲ: ಊಟದ ಪಟ್ಟಿಗೆ 3, ತಲೆಯೆಣಿಕೆಗೆ 10, ಅಡ್ವಾನ್ಸಿಗೆ 2, ಒಟ್ಟು 15 ದಿನ. ಅಂದರೆ ಊಟದ ವಿಷಯದಲ್ಲಿ 21 ದಿನ ಉಸಿರಾಡಬಹುದು. ಅತಿಥಿಗೆ ಮಾತ್ರ ಅಕ್ಟೋಬರ್ 24ರೊಳಗೆ ಫೋನ್ ಹೋಗಿರಬೇಕು. ಹಬ್ಬಕ್ಕೆ ಪ್ರೆಸ್ ಒಂದು ವಾರ ಮುಚ್ಚುವುದಾದರೆ ಅಕ್ಟೋಬರ್ 17ರೊಳಗೆ. ಮೀಟಿಂಗುಗಳಲ್ಲಿ ಆಗುವುದು ತದ್ವಿರುದ್ಧ. ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂದು ಒಂದೂವರೆ ಗಂಟೆ ಚರ್ಚೆ, ಅತಿಥಿಯ ವಿಷಯ ಕೊನೆಯ ಐದು ನಿಮಿಷಕ್ಕೆ.

ಊಟದ ವಿಷಯಕ್ಕೆ ಬಂದದ್ದರಿಂದ ಒಂದು ಮಾತು. ಬಿಸಿ ಜೋಳದ ರೊಟ್ಟಿ ಬೇಕೆಂದರೆ ರೊಟ್ಟಿ ತಟ್ಟುವವರು ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇರಬೇಕು. ಅವರ ವಾಹನ ಹಿಂಜವಾಡಿ ಪಕ್ಕದ ವಾಕಡಿನ ಬಳಿ ಸಿಕ್ಕಿಬಿದ್ದರೆ ಊಟದ ಸಾಲು ನಿಂತೇ ಇರುತ್ತದೆ. ಕಡಕ್ ರೊಟ್ಟಿಯಾದರೆ ವಾರ ಮೊದಲೇ ತರಿಸಿ ಪೆಟ್ಟಿಗೆಯಲ್ಲಿಡಬಹುದು. ಶೇಂಗಾ ಹೋಳಿಗೆ, ಶೇಂಗಾ ಚಟ್ನಿಪುಡಿಯೂ ಹಾಗೆಯೇ. ಸಮಾರಂಭದ ದಿನದ ಮೇಲಿನ ಭಾರವನ್ನು ಹಿಂದಿನ ದಿನಗಳಿಗೆ ಸಾಗಿಸುವ ಈ ಉಪಾಯಕ್ಕೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಉತ್ತರ ಕರ್ನಾಟಕದ ಅಡುಗೆಮನೆಗೆ ಇದು ಪರ್ಟ್‌ಗಿಂತ ಮೊದಲೇ ಗೊತ್ತಿತ್ತು.

ಹಿಂದೆಗೆಯಲಾಗದ ಮತ್ತು ಹಿಂದೆಗೆಯಬಹುದಾದ, ಈ ಎರಡೂ ಬಗೆಯ ಕೆಲಸಗಳನ್ನು ಪುಣೆಯಲ್ಲೇ ದೊಡ್ಡ ಪ್ರಮಾಣದಲ್ಲಿ ನೋಡಬಹುದಾದ ಉದಾಹರಣೆಯೊಂದಿದೆ, ಅದರ ಬೇರು ಧಾರವಾಡ ಸೀಮೆಯಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿ ಗುರುವಿನ ನೆನಪಿಗೆ ಪುಣೆಯಲ್ಲಿ ಸಂಗೀತೋತ್ಸವ ಆರಂಭಿಸಿದರು. ಆರ್ಯ ಸಂಗೀತ ಪ್ರಸಾರಕ ಮಂಡಳ ನಡೆಸುವ ಈ ಉತ್ಸವ ಡಿಸೆಂಬರಿನ ಚಳಿಯಲ್ಲಿ ಬಯಲು ಪೆಂಡಾಲಿನಲ್ಲಿ ನಡೆಯುತ್ತದೆ. ದೇಶದ ದೊಡ್ಡ ಕಲಾವಿದರ ದಿನ ಸಿಗಬೇಕಾದರೆ ಅವರನ್ನು ತಿಂಗಳುಗಳ ಮೊದಲೇ ಕೇಳಬೇಕು. ಅದು ಅಲುಗದ ಭಾಗ. ವೇದಿಕೆಯ ಮೇಲೆ ಮಾತ್ರ ಕಲಾವಿದ ಯಾವ ರಾಗ ಎತ್ತಿಕೊಳ್ಳುತ್ತಾನೆ, ಎಷ್ಟು ಹೊತ್ತು ಬೆಳೆಸುತ್ತಾನೆ ಎಂಬುದನ್ನು ಅವನಿಗೇ ಬಿಟ್ಟಿರುತ್ತಾರೆ.

ಉತ್ಸವದ ಕಡೆಯ ಸರದಿ ಬಹುಕಾಲ ಭೀಮಸೇನರದೇ. ಹಿಂದೆ ಕೇಳುಗರು ಕಂಬಳಿ ಹೊದ್ದು ಬೆಳಗಿನವರೆಗೆ ಕೂರುತ್ತಿದ್ದರು. ಧ್ವನಿವರ್ಧಕದ ನಿಯಮ ಬಿಗಿಯಾದ ಮೇಲೆ ಅಹೋರಾತ್ರಿ ಕಛೇರಿ ನಿಂತಿತು; ಕಛೇರಿಗಳನ್ನು ಹಗಲಿಗೆ ಎಳೆದುಕೊಂಡು ಹೊಸ ವೇಳಾಪಟ್ಟಿ ಕಟ್ಟಬೇಕಾಯಿತು. ರಾತ್ರಿಯ ರಾಗಗಳನ್ನು ರಾತ್ರಿಯಲ್ಲೇ ಕೇಳಬೇಕೆಂಬ ಹಿಂದೂಸ್ತಾನಿ ಸಂಪ್ರದಾಯಕ್ಕೆ ಇದು ಸಣ್ಣ ಪೆಟ್ಟಲ್ಲ. 2009ರಲ್ಲಿ ಪುಣೆಗೆ ಎಚ್1ಎನ್1 ಜ್ವರ ಬಡಿದಾಗ ಡಿಸೆಂಬರಿನ ಉತ್ಸವವನ್ನು 2010ರ ಜನವರಿಗೆ ಮುಂದೂಡಿದರು. ಅಲುಗದೆಂದು ಹೇಳಿದ ತಾರೀಖೂ ಅಲುಗಿದ್ದು ನಿಜ, ಆದರೆ ಅದಕ್ಕೆ ಸಾಂಕ್ರಾಮಿಕ ರೋಗವೇ ಬರಬೇಕಾಯಿತು.

ಇನ್ನು ಹಿಂದೆಗೆಯಬಹುದಾದ ಕೆಲಸಗಳು. ಹಾಡಿನ ಅನುಕ್ರಮ, ಕಿರುನಾಟಕ, ಮಕ್ಕಳ ನೃತ್ಯ, ವೇದಿಕೆಯ ಅಲಂಕಾರ, ಸ್ವಯಂಸೇವಕರ ಹಂಚಿಕೆ. ಇಲ್ಲಿ ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ಹುಟ್ಟಿದ ಕಾನ್‌ಬಾನ್ ಹೊಂದುತ್ತದೆ. ಒಂದು ಬೋರ್ಡು, ಮೂರು ಅಂಕಣ: ಮಾಡಬೇಕು, ಮಾಡ್ತಿದ್ದೇವೆ, ಮುಗೀತು. ಒಂದೊಂದು ಚೀಟಿಯ ಮೇಲೆ ಒಂದು ಕೆಲಸ, ಒಬ್ಬರದೇ ಹೆಸರು. ಇಬ್ಬರ ಹೆಸರಿದ್ದರೆ ಆಗುವ ಸಂಭಾಷಣೆ ಎಲ್ಲ ಸಂಘದವರಿಗೂ ಪರಿಚಿತ: ‘ಅಣ್ಣಾ, ಕಾರ್ಡ್‌ಲೆಸ್ ಮೈಕಿಗೆ ಹೇಳಿದ್ರಾ?’ ‘ಅಯ್ಯೋ, ಅಕ್ಕ ಹೇಳ್ತೀನಿ ಅಂದಿದ್ರಲ್ಲ!’ ಕಾನ್‌ಬಾನಿನ ಅಸಲಿ ನಿಯಮ ಇರುವುದು ನಡುವಿನ ಅಂಕಣದಲ್ಲಿ. ಒಬ್ಬರ ಹೆಸರಿನಲ್ಲಿ ಅಲ್ಲಿ ಎರಡಕ್ಕಿಂತ ಹೆಚ್ಚು ಚೀಟಿ ಇರಕೂಡದು ಎಂದು ಮಿತಿ ಹಾಕಿದರೆ, ಉತ್ಸಾಹದಲ್ಲಿ ಹತ್ತು ಕೆಲಸ ಒಪ್ಪಿಕೊಂಡು ಒಂದನ್ನೂ ಮುಗಿಸದವರು ಎರಡನೇ ವಾರಕ್ಕೇ ಕಣ್ಣಿಗೆ ಬೀಳುತ್ತಾರೆ. ಸ್ಪ್ರಿಂಟಿಗಿಂತ ಇದು ಮೇಲು. ಸ್ಪ್ರಿಂಟಿನಲ್ಲಿ ತಂಡದ ವೇಗವನ್ನು ಅಳೆದು ಮುಂದಿನದನ್ನು ಅಂದಾಜಿಸಬೇಕು. ಸಂಬಳವಿಲ್ಲದೆ, ಆಫೀಸಿನ ಕೆಲಸ ಬಂದರೆ ವಾರಗಟ್ಟಲೆ ಕಾಣೆಯಾಗುವ ಸ್ವಯಂಸೇವಕರ ವೇಗ ಅಳತೆಗೆ ಸಿಗುವುದಿಲ್ಲ.

ಅಜೈಲ್‌ನವರು ಹೇಳುವ ‘ಮಾಡಿ, ನೋಡಿ, ತಿದ್ದಿ’ ಎಂಬುದಕ್ಕೆ ಸಮಾರಂಭದಲ್ಲಿ ಇರುವ ಒಂದೇ ಜಾಗ ತಾಲೀಮು. ಮೈಸೂರು ದಸರೆಯಲ್ಲಿ ಜಂಬೂ ಸವಾರಿಯ ದಿನ ನಿಗದಿ. ಅದಕ್ಕೆ ವಾರಗಟ್ಟಲೆ ಮೊದಲೇ ಗಜಪಯಣದಲ್ಲಿ ಆನೆಗಳು ಕಾಡಿನ ಶಿಬಿರಗಳಿಂದ ಮೈಸೂರಿಗೆ ಬರುತ್ತವೆ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಮೊದಲ ದಿನವೇ ಹೊರಿಸುವುದಿಲ್ಲ. ಮೊದಲು ಬರೀ ನಡಿಗೆ, ಆಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. ಸದ್ದಿಗೆ ಬೆದರದಿರಲೆಂದು ಪಕ್ಕದಲ್ಲೇ ಫಿರಂಗಿ ಸಿಡಿಸುವ ತಾಲೀಮೂ ಉಂಟು. ತಾರೀಖಿನ ಮಟ್ಟಿಗೆ ಇದು ಅಪ್ಪಟ ವಾಟರ್‌ಫಾಲ್, ಆನೆಯ ಮಟ್ಟಿಗೆ ಅಪ್ಪಟ ಅಜೈಲ್. ಸಣ್ಣ ಸಂಘವೊಂದು ಇದರಿಂದ ಎತ್ತಿಕೊಳ್ಳಬೇಕಾದ್ದು, ಒಂದು ತಾಲೀಮನ್ನಾದರೂ ನಿಜವಾದ ಮೈಕು, ನಿಜವಾದ ವೇದಿಕೆಯ ಮೇಲೆ ಮಾಡುವುದು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಎಂಟು ನಿಮಿಷಕ್ಕೆ ಮುಗಿದ ನೃತ್ಯ, ವೇಷ ಬದಲಿಸಿ ವೇದಿಕೆಗೆ ಬರುವ ಹೊತ್ತನ್ನೂ ಸೇರಿಸಿದರೆ ಹದಿನೈದು ನಿಮಿಷ ತಿನ್ನುತ್ತದೆ.

ಕಾರ್ಯಕ್ರಮದ ದಿನ ಬೋರ್ಡೂ ಇಲ್ಲ, ಚಾರ್ಟೂ ಇಲ್ಲ. ಆ ದಿನ ನಿಮಿಷದ ಲೆಕ್ಕ ಬರೆದ ಒಂದು ಹಾಳೆ, ಅದನ್ನು ಬದಲಿಸುವ ಹಕ್ಕಿರುವ ಒಬ್ಬರೇ ಒಬ್ಬರು ಸಾಕು. ಅತಿಥಿ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಮಕ್ಕಳ ನೃತ್ಯ ಮೊದಲು ಬರಲಿ ಎಂದು ಹೇಳಲು ಸಮಿತಿ ಸೇರಬೇಕಿಲ್ಲ. ಹಿಂಜವಾಡಿ ಐಟಿ ಊರಾಗುವ ಮೊದಲಿನಿಂದಲೂ ಇರುವ ಮ್ಹಾತೋಬಾ ದೇವರ ಜಾತ್ರೆ, ಹೊಣೆ ಯಾರದೆಂದು ಮೊದಲೇ ಗೊತ್ತಿದ್ದರೆ ಸಾಕು ಎಂಬುದಕ್ಕೆ ಸಾಕ್ಷಿ. ಚೈತ್ರ ಹುಣ್ಣಿಮೆಗೆ ಹಿಂಜವಾಡಿಯಿಂದ ವಾಕಡಿಗೆ ಬಗಾಡದ ಮೆರವಣಿಗೆ ಹೋಗುತ್ತದೆ. ನಮ್ಮ ಕಡೆಯ ಸಿಡಿಗೆ ಹತ್ತಿರದ್ದು. ಯಾವ ಮಾನ ಯಾವ ಮನೆತನದ್ದು ಎಂಬುದು ಊರಿಗೆಲ್ಲ ಗೊತ್ತಿರುವುದರಿಂದ ಬೆಳಿಗ್ಗೆ ಎದ್ದು ಕೆಲಸ ಹಂಚುವ ಪ್ರಮೇಯವೇ ಇಲ್ಲ. ವಂಶಪಾರಂಪರ್ಯ ಹಕ್ಕು ಸಂಘಗಳಿಗೆ ಮಾದರಿಯಾಗಬೇಕಿಲ್ಲ, ಹೆಸರಿನ ಸ್ಪಷ್ಟತೆ ಆದರೆ ಸಾಕು.

ಅಜೈಲ್ ಪೆಟ್ಟಿಗೆಯಲ್ಲಿ ಸಮಾರಂಭಕ್ಕೆ ಅತ್ಯಂತ ಉಪಯುಕ್ತವಾದ ಸಲಕರಣೆ ರೆಟ್ರೊಸ್ಪೆಕ್ಟಿವ್, ಅಂದರೆ ಮುಗಿದ ಮೇಲೆ ಕೂತು ಮಾಡುವ ವಿಮರ್ಶೆ. ಸಂಘಗಳಲ್ಲಿ ಅತಿ ಕಡಿಮೆ ನಡೆಯುವುದೂ ಅದೇ, ಏಕೆಂದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಸುಸ್ತು. ವಾರದೊಳಗೆ ಒಂದು ಸಂಜೆ ಸೇರಿ ಎಷ್ಟು ಎಲೆ ಹೇಳಿದ್ದೆವು, ಎಷ್ಟು ಜನ ಉಂಡರು, ಊಟದ ಸಾಲು ಎಷ್ಟು ಗಂಟೆಗೆ ಶುರುವಾಯಿತು, ಯಾವ ಮೈಕ್ ಕೈಕೊಟ್ಟಿತು, ಸಭಾಂಗಣದ ಠೇವಣಿ ವಾಪಸ್ ಬಂತೇ ಎಂಬುದನ್ನು ಬರೆದಿಡಬೇಕು. ಬಾಯಿಮಾತು ಸಾಲದು, ಈ ವರ್ಷ ಸಮಿತಿಯಲ್ಲಿದ್ದವರಲ್ಲಿ ಎಷ್ಟೋ ಮಂದಿ ಮುಂದಿನ ನವೆಂಬರಿನ ಹೊತ್ತಿಗೆ ಕಂಪನಿ ಬದಲಿಸಿ ಬೆಂಗಳೂರಿಗೆ ಹೋಗಿರುತ್ತಾರೆ.