ಒಂದು ಬಾಂಡ್ಲಿಗೆ ಎಂಟಾಣೆ

ಚಿಕ್ಕಬಳ್ಳಾಪುರದ ಯಾವುದಾದರೂ ಬಡಾವಣೆಯಲ್ಲಿ ಹತ್ತು ಚದರದ ಮನೆಗೆ ಮೋಲ್ಡ್ ಹಾಕುವುದನ್ನು ಒಮ್ಮೆ ನಿಂತು ನೋಡಿ. 1,000 ಚದರ ಅಡಿ ವಿಸ್ತೀರ್ಣ, 5 ಇಂಚು ದಪ್ಪ, ಅಷ್ಟೇ. ಬೆಳಿಗ್ಗೆ ಶುರುವಾಗಿ ಸಂಜೆಯೊಳಗೆ ಮುಗಿದುಹೋಗುವ ಕೆಲಸ. ಆ ಚಾವಣಿಯೊಳಗೆ ಎಷ್ಟು ಜಲ್ಲಿಕಲ್ಲು ಇದೆ? ಒಂದು ಜಲ್ಲಿಯ ತೂಕ 11 ಗ್ರಾಂ ಎಂದು ಹಿಡಿದು ಲೆಕ್ಕ ಹಾಕಿದರೆ 12 ಲಕ್ಷಕ್ಕೂ ಮೇಲೆ! 2011ರ ಜನಗಣತಿಯ ಪ್ರಕಾರ ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12,55,104. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಎಲ್ಲ ಸೇರಿ, ಹಸುಗೂಸಿನಿಂದ ಮುದುಕರವರೆಗೆ, ಹೆಚ್ಚುಕಡಿಮೆ ಒಬ್ಬೊಬ್ಬರ ಹೆಸರಿಗೂ ಒಂದೊಂದು ಕಲ್ಲು. ಅದೂ ಒಂದೇ ಮನೆಯ ಒಂದೇ ಚಾವಣಿಯಲ್ಲಿ.

ಆ ಚಾವಣಿಯ ಕಾಂಕ್ರೀಟಿನ ತೂಕ 28 ಟನ್. ಮೈಸೂರು ದಸರಾದ ಚಿನ್ನದ ಅಂಬಾರಿ 750 ಕಿಲೋ. ಅದನ್ನು ಹೊರಲು ಅಭಿಮನ್ಯುವಿನಂಥ, 5 ಟನ್ ದಾಟುವ ಆನೆಯೇ ಬೇಕು. ವರ್ಷಕ್ಕೊಮ್ಮೆ ಅರಮನೆಯಿಂದ ಬನ್ನಿಮಂಟಪದವರೆಗೆ 5 ಕಿಲೋಮೀಟರು ಹೊತ್ತು ನಡೆದರೆ ನಾಡಿಗೆ ನಾಡೇ ಕೈಮುಗಿಯುತ್ತದೆ. ಹತ್ತು ಚದರದ ಮೋಲ್ಡ್ ಎಂದರೆ ಇಂಥ 37 ಅಂಬಾರಿ. ಅವನ್ನು ಮೇಲೇರಿಸುವುದು 20 ಜನ.

ತಲೆಗೆ ಎರಡು ಅಂಬಾರಿಯೂ ಬೀಳಲಿಲ್ಲವಲ್ಲ ಎನ್ನಬೇಡಿ. ಮಿಕ್ಸರ್ ಲಿಫ್ಟ್ ನುಗ್ಗದ ಓಣಿಗಳಲ್ಲಿ ಇಂದಿಗೂ ಏಣಿ ಕಟ್ಟಿ ಸಾಲು ನಿಲ್ಲುತ್ತಾರೆ. ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತದೆ. ತುಂಬಿದ ಬಾಂಡ್ಲಿ 20 ಕಿಲೋ ಎಂದರೆ ಒಟ್ಟು 1,400 ಬಾಂಡ್ಲಿ. ಸಾಲಿನಲ್ಲಿ ನಿಂತ ಮೇಲೆ ಒಂದು ಬಾಂಡ್ಲಿಯೂ ಯಾರನ್ನೂ ಬಿಟ್ಟು ಹೋಗುವ ಹಾಗಿಲ್ಲ! 20 ಜನರಲ್ಲಿ ಒಬ್ಬೊಬ್ಬರ ಕೈಯಲ್ಲೂ ಎಲ್ಲ 1,400 ಬಾಂಡ್ಲಿ, ಎಲ್ಲ 37 ಅಂಬಾರಿ, ಇಡಿಯ 28 ಟನ್. ಏಳು ಗಂಟೆಯ ಕೆಲಸವಾದರೆ ಪ್ರತಿ 18 ಸೆಕೆಂಡಿಗೆ ಒಂದು ಬಾಂಡ್ಲಿ. ನೀವು ಈ ಪ್ಯಾರಾ ಓದುವಷ್ಟರಲ್ಲಿ ಎರಡು ಬಾಂಡ್ಲಿ ದಾಟಿಹೋಗಿರುತ್ತವೆ. 20 ಜೊತೆ ಕೈಗಳ ಎತ್ತುವಿಕೆಯನ್ನೆಲ್ಲ ಕೂಡಿದರೆ 560 ಟನ್, ಆನೆಗೆ 5 ಟನ್ನಿನಂತೆ 112 ಆನೆ. ಒಂದೇ ದಿನ, ಒಂದೇ ಮನೆ.

ಈಗ ಕೂಲಿಗೆ ಬರೋಣ. ಕೂಲಿ ಊರೂರಿಗೆ, ಆಳಾಳಿಗೆ ಬೇರೆ. ಲೆಕ್ಕಕ್ಕೆ ದಿನಕ್ಕೆ 700 ರೂಪಾಯಿ ಎಂದು ಹಿಡಿಯೋಣ. 700 ರೂಪಾಯಿ, 1,400 ಬಾಂಡ್ಲಿ. ಭಾಗಿಸಿದರೆ ಬಾಂಡ್ಲಿಗೆ ಸರಿಯಾಗಿ 50 ಪೈಸೆ! ನಾನು ಮೂರು ಸಲ ಭಾಗಿಸಿ ನೋಡಿದೆ. 20 ಕಿಲೋ ಎತ್ತಿ ದಾಟಿಸಿದರೆ ಎಂಟಾಣೆ, ಕಿಲೋಗೆ ಎರಡೂವರೆ ಪೈಸೆ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಗೆ ಗೊತ್ತುಮಾಡಿದ 370 ರೂಪಾಯಿಯನ್ನೇ ಹಿಡಿದರೆ ಬಾಂಡ್ಲಿಗೆ 26 ಪೈಸೆ, ಅಂದರೆ ಹೆಚ್ಚುಕಡಿಮೆ ನಾಲ್ಕಾಣೆ. ಆ ನಾಲ್ಕಾಣೆಯ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲೇ ಇಲ್ಲ!

ಹೆಣ್ಣಾಳಿಗೆ ಕಡಿಮೆ ಕೊಡುವ ರೂಢಿ ಇನ್ನೂ ಹೋಗಿಲ್ಲ. ಅವಳಿಗೆ 500 ಸಿಕ್ಕಿತು ಅನ್ನಿ. ಗಂಡಾಳಿನ ಕೈಯಲ್ಲಿ 50 ಪೈಸೆ ಇದ್ದ ಬಾಂಡ್ಲಿ ಪಕ್ಕದ ಹೆಣ್ಣಾಳಿನ ಕೈಗೆ ಬಂದೊಡನೆ 36 ಪೈಸೆ ಆಗುತ್ತದೆ. ತೂಕ ಒಂದು ಗ್ರಾಂ ಕೂಡ ಇಳಿದಿಲ್ಲ. ಅವನ 700 ಅವಳಿಗೂ ಸಿಗಬೇಕಾದರೆ ಇನ್ನೂ 560 ಬಾಂಡ್ಲಿ ಎತ್ತಬೇಕು. ಅದು 11 ಟನ್, ಎರಡು ಆನೆ ಹೆಚ್ಚು. ಈ ಎರಡು ಆನೆಯ ಲೆಕ್ಕ ಹಾಕಿದಂದಿನಿಂದ ಯಾವ ಮೋಲ್ಡ್ ಕಂಡರೂ ನನಗೆ ಆ ಸಾಲಿನ ಹೆಂಗಸರ ಕೈಗಳೇ ಕಾಣುತ್ತವೆ.

ಇನ್ನು ಸಂತೆಗೆ ಹೋಗೋಣ, ರೂಪಾಯಿ ಬಿಟ್ಟು ಬಾಂಡ್ಲಿ ಹಿಡಿದು. ಇಂದಿರಾ ಕ್ಯಾಂಟೀನಿನ ತಿಂಡಿ 5 ರೂಪಾಯಿ, ಅಂದರೆ 10 ಬಾಂಡ್ಲಿ. 200 ಕಿಲೋ ಎತ್ತಿದರೆ ಒಂದು ತಟ್ಟೆ ತಿಂಡಿ. ಇಡೀ ಪಟ್ಟಿಯಲ್ಲಿ ಇದೇ ಅತ್ಯಂತ ಅಗ್ಗ. ಲೀಟರು ನಂದಿನಿ ಹಾಲಿಗೆ 46 ರೂಪಾಯಿ ಎಂದರೆ 92 ಬಾಂಡ್ಲಿ, ಸುಮಾರು ಎರಡೂವರೆ ಅಂಬಾರಿ. ಅನ್ನಭಾಗ್ಯದಲ್ಲಿ 2023ರಲ್ಲಿ 5 ಕಿಲೋ ಅಕ್ಕಿಯ ಬದಲು ಸರ್ಕಾರ ಒಬ್ಬೊಬ್ಬರಿಗೆ ಕೊಟ್ಟದ್ದು 170 ರೂಪಾಯಿ. ಆ ದರದಲ್ಲಿ 5 ಕಿಲೋ ಅಕ್ಕಿಗೆ 340 ಬಾಂಡ್ಲಿ, 6,800 ಕಿಲೋ. ಅಕ್ಕಿಯ ಒಂದು ಕಿಲೋಗೆ ಕಾಂಕ್ರೀಟಿನ 1,360 ಕಿಲೋ! ಅಡುಗೆ ಗ್ಯಾಸ್ ಸಿಲಿಂಡರು 850 ರೂಪಾಯಿಯ ಆಸುಪಾಸು ಇದ್ದರೆ 1,700 ಬಾಂಡ್ಲಿ, 34 ಟನ್. 14.2 ಕಿಲೋ ಅನಿಲಕ್ಕೆ ಹತ್ತು ಚದರದ ಮೋಲ್ಡ್ ಪೂರ್ತಿ ಮುಗಿಸಿ, ಮರುದಿನ ಮತ್ತೆ 300 ಬಾಂಡ್ಲಿ ಎತ್ತಬೇಕು. ತಿಂಗಳಿಗೆ 4,000 ಬಾಡಿಗೆಯ ಒಂದು ಕೋಣೆ ಅಂದುಕೊಳ್ಳಿ. ಅದು 160 ಟನ್, 32 ಆನೆ. ಮೈಸೂರು ದಸರಾಕ್ಕೆ ಕರೆತರುವ ಎಲ್ಲ ಆನೆಗಳ ಎರಡು ಪಟ್ಟಿಗಿಂತ ಹೆಚ್ಚು!

ಟೊಮೆಟೊ ಚಿಂತಾಮಣಿ ಸೀಮೆಯ ಬೆಳೆ. 2023ರ ಜುಲೈಯಲ್ಲಿ ಪಕ್ಕದ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಇವತ್ತಿನ ಎಂಟಾಣೆ ದರದಲ್ಲಿ ಹಿಡಿದರೂ ಅದು 4,000 ಬಾಂಡ್ಲಿ, 80 ಟನ್. ಒಂದು ಬಾಕ್ಸ್ ಟೊಮೆಟೊಗೆ 16 ಆನೆ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅಷ್ಟೇ ಬಾಂಡ್ಲಿ. ಆ ಹಣ ಖಾತೆಗೆ ಬಿದ್ದ ತಿಂಗಳು ಒಬ್ಬಳು ತಾಯಿಯ ತಲೆಯಿಂದ 80 ಟನ್ ಇಳಿದಂತೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿಕೊಂಡವರಿಗೆ 60 ದಾಟಿದ ಮೇಲೆ ತಿಂಗಳಿಗೆ 3,000 ಪಿಂಚಣಿ. ಅದು 120 ಟನ್. ಕಾರ್ಡಿಗೆ ಬೇಕಾದದ್ದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ. ದಯವಿಟ್ಟು ಮಾಡಿಸಿಕೊಳ್ಳಿ.

ಅಂದಹಾಗೆ, ಕಾಂಕ್ರೀಟಿನ ತೂಕ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದಿಲ್ಲ. ಕೂಲಿ ಬದಲಾಗುತ್ತದೆ, ಅದೂ ಹೇಗೆ! ರಿಸರ್ವ್ ಬ್ಯಾಂಕಿನ ಅಂಕಿಗಳಲ್ಲಿ 2022-23ರ ಗ್ರಾಮೀಣ ಕಟ್ಟಡ ಕಾರ್ಮಿಕನ ದಿನದ ಸರಾಸರಿ ಕೂಲಿ ಕೇರಳದಲ್ಲಿ 852 ರೂಪಾಯಿ, ದೇಶದಲ್ಲಿ 393, ಮಧ್ಯಪ್ರದೇಶದಲ್ಲಿ 278. ಕೇರಳದ ಒಂದು ದಿನ ಮಧ್ಯಪ್ರದೇಶದ ಮೂರು ದಿನಕ್ಕೆ ಸಮ.

ಎತ್ತಿದ್ದಾಯಿತು, ಹತ್ತಿದ್ದೆಷ್ಟು? ಎರಡನೇ ಮಹಡಿಗೆ 6 ಮೀಟರು ಎಂದಿಟ್ಟುಕೊಳ್ಳಿ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಇಟ್ಟಿಗೆ, ದಿನಕ್ಕೆ ನೂರು ಸಲ ಹತ್ತಿದರೆ 600 ಮೀಟರು. ಚಿಕ್ಕಬಳ್ಳಾಪುರ ಪಟ್ಟಣ ಇರುವುದು ಸಮುದ್ರಮಟ್ಟದಿಂದ 915 ಮೀಟರು ಎತ್ತರದಲ್ಲಿ, ನಂದಿಬೆಟ್ಟದ ನೆತ್ತಿ 1,478ರಲ್ಲಿ. ಭಾನುವಾರ ಜನ ಕಾರಿನಲ್ಲಿ ಏರಿ ಫೋಟೊ ತೆಗೆದುಕೊಳ್ಳುವ ಆ ಎತ್ತರವನ್ನು ಇಟ್ಟಿಗೆ ಹೊರುವ ಹೆಣ್ಣಾಳು ದಿನಾ ಹೊರೆಯೊಂದಿಗೆ ಏರಿ ಮುಗಿಸುತ್ತಾಳೆ! 15 ದಿನಕ್ಕೆ ಒಂದು ಎವರೆಸ್ಟ್. ವರ್ಷಕ್ಕೆ 300 ದಿನದ ಕೆಲಸವಾದರೆ 20 ಎವರೆಸ್ಟ್, 180 ಕಿಲೋಮೀಟರು. ಬಾಹ್ಯಾಕಾಶದ ಗಡಿ ಎಂದು ಗುರುತಿಸುವುದು 100 ಕಿಲೋಮೀಟರನ್ನು. ಅದನ್ನು ಅವಳು ಏಳನೇ ತಿಂಗಳಲ್ಲೇ ದಾಟಿರುತ್ತಾಳೆ.

ನೆಲದ ಮೇಲಿನ ನಡಿಗೆಗೆ ರೇಷ್ಮೆಯ ಊರು ಶಿಡ್ಲಘಟ್ಟದ ಅಳತೆಯೇ ಚೆನ್ನ. ಒಂದು ರೇಷ್ಮೆಗೂಡಿನಲ್ಲಿ ಸುಮಾರು 1 ಕಿಲೋಮೀಟರು ಎಳೆ ಇರುತ್ತದೆ. ಮರಳಿನ ಗುಡ್ಡೆಯಿಂದ ಗೋಡೆಗೆ 30 ಮೀಟರು, ಹೋಗಿ ಬರುವುದು 60, ದಿನಕ್ಕೆ 200 ಸಲ: 12 ಕಿಲೋಮೀಟರು, 12 ಗೂಡು. ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44 ದೇಶದ ಅತಿ ಉದ್ದದ ಹೆದ್ದಾರಿ, ಉತ್ತರದ ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ದಾರಿ. 4,000 ಕಿಲೋಮೀಟರು ನಡೆಯಲು ಈ ಲೆಕ್ಕದಲ್ಲಿ 333 ದಿನ ಸಾಕು. ಅರ್ಧ ದಾರಿ ಖಾಲಿ ಬಾಂಡ್ಲಿ, ಅರ್ಧ ದಾರಿ ತುಂಬಿದ್ದು.

ಗೌರಿಬಿದನೂರಿನಿಂದ ಬೆಂಗಳೂರಿನ ಕೆಲಸಕ್ಕೆ ನಸುಕಿಗೇ ಎದ್ದು ಹೊರಡುವವರ ದೂರವಂತೂ ತಲೆ ತಿರುಗಿಸುತ್ತದೆ. ಹೋಗಲು ಸುಮಾರು 75 ಕಿಲೋಮೀಟರು, ಬರಲು ಅಷ್ಟೇ. ವರ್ಷಕ್ಕೆ 300 ದಿನ ಓಡಾಡಿದರೆ 45,000. ಭೂಮಿಯ ಸುತ್ತಳತೆ 40,075. ಊಟದ ಡಬ್ಬಿ ಕೈಚೀಲದಲ್ಲಿಟ್ಟು, ಕರಣೆ ರಸಮಟ್ಟ ಹಿಡಿದು ಹೊರಟ ಗಾರೆಯವನು ವರ್ಷ ಮುಗಿಯುವ ಮೊದಲೇ ಭೂಮಿಯನ್ನು ಒಂದು ಸುತ್ತು ಹಾಕಿ ಮುಂದೆ ಹೋಗಿರುತ್ತಾನೆ. ಚಂದ್ರನಿಗೆ 3,84,400 ಕಿಲೋಮೀಟರು. ಎಂಟೂವರೆ ವರ್ಷ. ಇಪ್ಪತ್ತಕ್ಕೆ ಕೆಲಸ ಹಿಡಿದವನು ಮೂವತ್ತು ತುಂಬುವ ಮೊದಲೇ ಚಂದ್ರನಲ್ಲಿ! ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ. 2025ರ ಜುಲೈಗೆ ರಾಜ್ಯದಲ್ಲಿ ಅಂಥ ಪ್ರಯಾಣ 500 ಕೋಟಿ ಮುಟ್ಟಿತು. ಭೂಮಿಯ ಮೇಲಿರುವ ಪ್ರತಿ ಐವರಲ್ಲಿ ಮೂವರಿಗೆ ಒಂದೊಂದು ಟಿಕೆಟ್ ಹಂಚಿದಷ್ಟು.

ಚಿನ್ನದ ಲೆಕ್ಕವನ್ನು ಬೇಕೆಂದೇ ಉಳಿಸಿಕೊಂಡಿದ್ದೆ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನ 1 ಲಕ್ಷ ರೂಪಾಯಿ ಮುಟ್ಟಿತು. ಗ್ರಾಂಗೆ 10,000 ಎಂದರೆ 20,000 ಬಾಂಡ್ಲಿ, 400 ಟನ್, 80 ಆನೆ. ಒಂದು ಗ್ರಾಂ ಚಿನ್ನಕ್ಕೆ ಅದರ 40 ಕೋಟಿ ಪಟ್ಟು ತೂಕ ಎತ್ತಬೇಕು. ಮಗಳ ಮದುವೆಗೆ 80 ಗ್ರಾಂ ಮಾಡಿಸುವ ಆಸೆ ಇಟ್ಟುಕೊಂಡ ಮನೆ 6,400 ಆನೆಯ ತೂಕ ಎತ್ತಬೇಕು. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಇದ್ದ ಆನೆಗಳೇ 6,395, ಮರಿಗಳೂ ಸೇರಿ!

ವರ್ಷಕ್ಕೆ ನೂರು ಮೋಲ್ಡಿನಂತೆ ಮೂವತ್ತು ವರ್ಷ ಸಾಲಿನಲ್ಲಿ ನಿಂತ ಒಬ್ಬರ ಕೈ ಹಾಯ್ದು ಹೋಗುವುದು 84,000 ಟನ್. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಸುಮಾರು 45,000 ಟನ್. ಹೆಚ್ಚೂಕಡಿಮೆ ಎರಡು ವಿಕ್ರಾಂತ್, ಒಂದು ಜೊತೆ ಕೈ. ಆ 3,000 ದಿನದ ಕೂಲಿ, ಎಲ್ಲ ದಿನವೂ 700ರಂತೆ, 21 ಲಕ್ಷ. ಹಾಲು, ಅಕ್ಕಿ, ಗ್ಯಾಸು, ಬಾಡಿಗೆ ಯಾವುದಕ್ಕೂ ಎಂಟಾಣೆ ಮುರಿಯದೆ ಎಲ್ಲವನ್ನೂ ಆ ಏಪ್ರಿಲ್‌ನ ದರದಲ್ಲಿ ಚಿನ್ನ ಮಾಡಿಸಿದರೂ 210 ಗ್ರಾಂ. ಅದನ್ನು ಕರಗಿಸಿ ಬೆಂಕಿಪೊಟ್ಟಣಕ್ಕೆ ಹೊಯ್ದರೆ ಪೊಟ್ಟಣವೂ ತುಂಬುವುದಿಲ್ಲ.